ಹಗೇವಿನ ಮೇಲೆ ಕಾರು

ಸ್ಪೋರ್ಟ್ಸ್ ಕಾರಿನ ಹುಚ್ಚು ನನಗೆ ಹಿಡಿದದ್ದು ತೊಂಬತ್ತರ ಆಸುಪಾಸಿನಲ್ಲಿ. ಆಗ ಹಾವೇರಿಯಲ್ಲಿ ಕೆಲಸಕ್ಕೆ ಸೇರಿ ದಿನಾ ಅಗಡಿಯಿಂದ ಓಡಾಡುತ್ತಿದ್ದೆ. ಹುಬ್ಬಳ್ಳಿಯ ಡಾಕ್ಟರೊಬ್ಬರು ಊರು ಬಿಡುವಾಗ ತಮ್ಮ ಹಳೆಯ ವಿಲಾಯತಿ ಕಾರನ್ನು ನನ್ನ ಕೊರಳಿಗೆ ಕಟ್ಟಿದರು. ಎರಡೇ ಬಾಗಿಲು, ಎರಡೇ ಸೀಟು, ಬಣ್ಣ ಕೆಂಪು. ಅದರ ಹೊಟ್ಟೆಗೂ ನೆಲಕ್ಕೂ ನಡುವೆ ಒಂದು ಗೇಣು ಜಾಗವೂ ಇರಲಿಲ್ಲ. ಊರವರು ಅದನ್ನು ಗಿಡ್ಡ ಕಾರು ಎಂದೇ ಕರೆದರು. ಚಕ್ಕಡಿ ಹೊಡೆಯುವವರು ಮೇಲಿನಿಂದ ಬಗ್ಗಿ ನನ್ನ ಯೋಗಕ್ಷೇಮ ವಿಚಾರಿಸುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು, ಆದರೂ ಕಾರಿನ ಮೇಲಿನ ಪ್ರೀತಿ ಒಂದಿಷ್ಟೂ ಕಡಿಮೆಯಾಗಲಿಲ್ಲ.

ಆ ವರ್ಷವೇ ಬ್ಯಾಡಗಿಯಿಂದ ನನಗೊಂದು ಸಂಬಂಧ ಬಂತು. ಹುಡುಗಿಯ ತಂದೆ ಮೆಣಸಿನಕಾಯಿ ವ್ಯಾಪಾರಿ. ನಾನು ಹೋಗಿ ಹುಡುಗಿಯನ್ನು ನೋಡಿ ಬಂದಿದ್ದೆ, ಬಂದ ಮೇಲೆ ನನಗೆ ಊಟ ಸೇರುತ್ತಿರಲಿಲ್ಲ. ಮದುವೆಯಾದರೆ ಇವಳನ್ನೇ ಎಂದು ಮನಸ್ಸಿನಲ್ಲಿ ನಿಶ್ಚಯ ಮಾಡಿಬಿಟ್ಟಿದ್ದೆ. ಇನ್ನು ಅವರು ನಮ್ಮ ಮನೆ ನೋಡಲು ಬರುವುದೊಂದೇ ಉಳಿದಿತ್ತು. ಆ ಮನೆಯಲ್ಲಿ ಕೊನೆಯ ಮಾತು ಹುಡುಗಿಯ ಅಜ್ಜಿಯದು, ಆಕೆ ವರನ ಪಗಾರ ಕೇಳುವುದಿಲ್ಲ, ಹಗೇವು ತುಂಬಿದೆಯೋ ಇಲ್ಲವೋ ಕೇಳುತ್ತಾಳೆ ಎಂದು ಮಧ್ಯಸ್ಥರು ಮೊದಲೇ ತಿಳಿಸಿದ್ದರು.

ಹಗೇವು ಎಂದರೆ ಅಂಗಳದ ನೆಲದಡಿ ಜೋಳ ತುಂಬಿಡುವ ಗುಂಡಿ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಒಳಗೆ ಒಂದು ಕೋಣೆಯಷ್ಟು ಜಾಗ. ತುಂಬಿದ ಮೇಲೆ ಕಲ್ಲು ಮುಚ್ಚಿ, ಸುತ್ತ ಮಣ್ಣು ಮೆತ್ತುತ್ತಾರೆ. ನಮ್ಮ ಜೋಳವೆಲ್ಲ ಚೀಲ ಸೇರಿ, ಹಗೇವು ಖಾಲಿ ಬಿದ್ದು ಏಳೆಂಟು ವರ್ಷವಾಗಿತ್ತು. ಆದರೆ ಖಾಲಿ ಹಗೇವಿನ ಮನೆ ಎನ್ನಿಸಿಕೊಳ್ಳಲು ಅಪ್ಪನಿಗೆ ಮನಸ್ಸಾಗಲಿಲ್ಲ. ಜೀವಮಾನದಲ್ಲಿ ಸುಳ್ಳು ಹೇಳದ ಮನುಷ್ಯ ಮಧ್ಯಸ್ಥರ ಮುಂದೆ ತುಂಬಿದೆ ಎಂದುಬಿಟ್ಟ. ಕಲ್ಲು ಮುಚ್ಚಿದ್ದನ್ನು ಯಾರು ತೆಗೆದು ನೋಡುತ್ತಾರೆ ಎಂಬುದು ಅವನ ಧೈರ್ಯ.

ತೆಗೆದವನು ನಾನು. ಅವರು ಬರುವುದು ರವಿವಾರ ಸಂಜೆ ನಾಲ್ಕಕ್ಕೆ. ಹುಡುಗಿಯ ತಂದೆಯನ್ನು ಕಾರಿನಲ್ಲಿ ಕೂಡಿಸಿಕೊಂಡು ಊರ ಸುತ್ತ ಒಂದು ಚಕ್ಕರ್ ಹೊಡೆದರೆ ಮಾತು ಮುಗಿಯಿತು ಎಂದು ನನ್ನ ಲೆಕ್ಕ. ಆದರೆ ಇಂಜಿನ್ ಕಟಕಟ ಎನ್ನುತ್ತಿತ್ತು, ಆಯಿಲ್ ಸುಟ್ಟು ಡಾಂಬರಾಗಿತ್ತು. ಹಾವೇರಿಯ ಮಿಸ್ತ್ರಿ ನನ್ನ ಗೆಳೆಯನೇ. ಕಾರಿನಡಿ ತೂರಲು ಹೇಳಿದರೆ ಅವನು ಕೈ ಮುಗಿದ.

"ನಾ ಮಿಸ್ತ್ರಿ ಅದೀನ್ರಿ, ಇಲಿ ಅಲ್ಲ."

ಆಗ ನನಗೆ ಹಗೇವು ಹೊಳೆಯಿತು. ದೊಡ್ಡ ಗ್ಯಾರೇಜುಗಳಲ್ಲಿ ಗುಂಡಿಯ ಮೇಲೆ ಗಾಡಿ ನಿಲ್ಲಿಸಿ, ಮನುಷ್ಯ ಕೆಳಗೆ ನಿಂತು ಕೆಲಸ ಮಾಡುತ್ತಾನೆ. ಅಂಥ ಗುಂಡಿ ನಮ್ಮ ಅಂಗಳದಲ್ಲೇ ಇತ್ತು. ಅಪ್ಪ ಮಿಠಾಯಿ ತರಲು ಹಾವೇರಿಗೆ ಹೋಗಿದ್ದ. ಮಧ್ಯಾಹ್ನದೊಳಗೆ ಕೆಲಸ ಮುಗಿಸಿ ಮತ್ತೆ ಮಣ್ಣು ಮೆತ್ತಿಬಿಡುವುದೆಂದು ಮಿಸ್ತ್ರಿಯನ್ನು ಕರೆಸಿ ಕಲ್ಲು ಸರಿಸಿದೆ. ಅವ್ವ ಬೇಡವೆಂದಳು. ಕೇಳದಿದ್ದಾಗ, ಒಳಗಿನ ಗಾಳಿ ಕೆಟ್ಟಿದ್ದೀತು ಎಂದು ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಟ್ಟಳು. ಕಂದೀಲು ಆರಲಿಲ್ಲ. ನಾನು ಬೋಲ್ಟು ಬಿಚ್ಚುವ ಪಾನಾ ಹಿಡಿದು, ಆಯಿಲ್ ಹಿಡಿಯಲು ಅವ್ವನ ರೊಟ್ಟಿ ಹಿಟ್ಟಿನ ಪರಾತವನ್ನು ಕೇಳದೆ ಎತ್ತಿಕೊಂಡು ಇಳಿದೆ. ಒಳಗೆ ಒಂದು ಪೀಪಾಯಿ ಬೋರಲು ಹಾಕಿ ಅದರ ಮೇಲೆ ನಿಂತೆ. ಮಿಸ್ತ್ರಿ ಇಂಜಿನ್ ಬಿಸಿ ಮಾಡಿ, ಎರಡು ಕಡೆ ಎರಡು ಗಾಲಿ ಬರುವಂತೆ ಕಾರನ್ನು ನನ್ನ ತಲೆಯ ಮೇಲೆ ತಂದು ನಿಲ್ಲಿಸಿದ.

ತಳದ ಬೋಲ್ಟು ಬಿಚ್ಚುವವರೆಗೆ ಎಲ್ಲವೂ ಸರಿಯಿತ್ತು. ಬಿಚ್ಚಿದ ಕೂಡಲೇ ಬಿಸಿ ಆಯಿಲ್ ಪರಾತವನ್ನು ಬಿಟ್ಟು ನನ್ನ ನೆತ್ತಿಯ ಮೇಲೆ ಸುರಿಯಿತು. ನಾನು ಚೀರಿದೆ. ಮಿಸ್ತ್ರಿ ಗಾಬರಿಯಾಗಿ ಬ್ರೇಕು ಬಿಟ್ಟ. ಹಗೇವಿನ ಬಾಯಿಯ ಮಣ್ಣು ಆಗಷ್ಟೇ ಸಡಿಲಾಗಿತ್ತಲ್ಲ, ಮುಂದಿನ ಗಾಲಿ ಅದರಲ್ಲಿ ಹೂತು, ಕಾರು ಹೊಟ್ಟೆ ಊರಿ ಕುಳಿತುಬಿಟ್ಟಿತು. ಒಂದು ಬದಿಯಲ್ಲಿ ನಾಲ್ಕು ಬೆರಳಿನ ಸಂದಿ ಉಳಿಯಿತು, ಅಷ್ಟೇ. ಜನರನ್ನು ಕರೆತರುತ್ತೇನೆಂದು ಮಿಸ್ತ್ರಿ ಓಡಿದ.

ಅವನು ಬರುವ ಮೊದಲೇ ಬ್ಯಾಡಗಿಯವರು ಬಂದರು. ನಾಲ್ಕರ ಬದಲು ಹನ್ನೊಂದಕ್ಕೇ. ಬೆಳಗಿನ ಬಸ್ಸಿಗೆ ಬಂದವರು ಹಾವೇರಿಯ ಸ್ಟ್ಯಾಂಡಿನಲ್ಲಿ ಅಪ್ಪನಿಗೆ ಸಿಕ್ಕು, ಅವನ ಜೊತೆಗೇ ಟೆಂಪೋ ಹತ್ತಿದ್ದರಂತೆ. ಸಂದಿಯಿಂದ ನನಗೆ ಕಂಡದ್ದು ಬರೀ ಕಾಲು. ಅಪ್ಪನ ಚಪ್ಪಲಿ, ಹೊಳೆಯುವ ಒಂದು ಜೊತೆ ಬೂಟು, ಒಂದು ಮುದುಕಿಯ ಬರಿಗಾಲು. ಹುಡುಗ ಎಲ್ಲಿ ಎಂದು ಬೂಟು ಕೇಳಿತು. ಅವ್ವ ಕಾಲಿಗೆ ನೀರು ಕೊಡುತ್ತ, ಇಲ್ಲೇ ಇದ್ದಾನೆ, ಬರುತ್ತಾನೆ ಎಂದಳು. ಅದಂತೂ ಸುಳ್ಳಲ್ಲ.

ಮುದುಕಿ ಹಗೇವು ಎಲ್ಲಿ ಎಂದು ಕೇಳಿದಳು. ಕಾರು ಸರಿಯಾಗಿ ಅದರ ಮೇಲೇ ನಿಂತಿದ್ದು ಕಂಡು ಅಪ್ಪನಿಗೆ ಹೋದ ಜೀವ ಬಂದಿರಬೇಕು. ದನಿಯಲ್ಲೇ ಹುರುಪು ಗೊತ್ತಾಯಿತು.

"ಈ ಕಾರಿನ ತೆಳಗ ಐತ್ರಿ. ಮೂರು ವರ್ಷ ಆತು, ಬಾಯಿ ತಗದಿಲ್ಲ. ತುಂಬ ಜ್ವಾಳ."

ಒದರಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಒದರಲಿಲ್ಲ. ಕಾರಣವನ್ನು ಇಲ್ಲಿ ಹೇಳಿಬಿಡುತ್ತೇನೆ, ಅಪ್ಪನ ಮಾನದ ಯೋಚನೆ ನನ್ನ ತಲೆಗೆ ಬರಲೇ ಇಲ್ಲ. ಈ ಅವತಾರದಲ್ಲಿ ನನ್ನನ್ನು ಕಂಡರೆ ಹುಡುಗಿ ಕೈತಪ್ಪಿದಳು ಎಂಬುದೊಂದೇ ಚಿಂತೆ. ಮೂಗು ಹಿಡಿದು ನಿಂತೆ. ಆದರೆ ಹಳೆಯ ಜೋಳದ ಧೂಳು, ಸುಟ್ಟ ಆಯಿಲಿನ ಘಾಟು ಎರಡೂ ಸೇರಿ ಗಂಟಲಿಗೆ ಇಳಿದವು. ಅಪ್ಪ ನಮ್ಮ ಜೋಳ ಎಷ್ಟು ಬಿಳುಪು ಎಂದು ವರ್ಣಿಸುತ್ತಿದ್ದಾಗ ಕೆಮ್ಮು ಬಂತು. ಒಂದಲ್ಲ, ಸಾಲಾಗಿ ನಾಲ್ಕು.

ಬರಿಗಾಲು ನಿಧಾನವಾಗಿ ಸಂದಿಯ ಹತ್ತಿರ ಬಂತು.

"ಯಪ್ಪಾ," ಎಂದಳು ಮುದುಕಿ, "ನಿಮ್ಮ ಜ್ವಾಳ ಕೆಮ್ಮಾಕತ್ತೈತಲ್ಲ."

ಅಷ್ಟರಲ್ಲಿ ಮಿಸ್ತ್ರಿ ಆರು ಜನರನ್ನು ಕರೆತಂದ. ಅವರು ಕಾರನ್ನು ಎತ್ತಿ ಬದಿಗಿಟ್ಟರು. ಮೈಯೆಲ್ಲ ಕರ್ರಗಾಗಿ ಎದ್ದು ಬಂದ ನನ್ನನ್ನು ಕಂಡು ಹುಡುಗಿಯ ತಂದೆ ಎರಡು ಹೆಜ್ಜೆ ಹಿಂದೆ ಸರಿದರು. ಮುದುಕಿ ಹಗೇವಿನೊಳಗೆ ಬಗ್ಗಿ ನೋಡಿದಳು. ಅಲ್ಲಿ ಒಂದು ಪೀಪಾಯಿ, ಒಂದು ಪರಾತ, ಉರಿಯುತ್ತಿದ್ದ ಕಂದೀಲು. ಅಪ್ಪ ನೆಲ ನೋಡುತ್ತ ನಿಂತಿದ್ದ. ಅವನು ಹಾಗೆ ತಲೆ ತಗ್ಗಿಸಿದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ಆಗ ನನಗೆ ಖರೇ ನಾಚಿಕೆಯಾಯಿತು.

ಅಪ್ಪ ಮಾತಾಡಿದ್ದು ಒಳಗೆ ಕೇಳಿಸುತ್ತಿತ್ತೇ ಎಂದು ಮುದುಕಿ ನನ್ನನ್ನು ಕೇಳಿದಳು. ಕೇಳಿಸುತ್ತಿತ್ತು ಎಂದೆ. ಹಾಗಾದರೆ ಏಕೆ ಒದರಲಿಲ್ಲ ಎಂದಳು. ನಾನು ಕಣ್ಣಿಗೆ ಇಳಿಯುತ್ತಿದ್ದ ಆಯಿಲ್ ಒರೆಸಿಕೊಳ್ಳುತ್ತ ಅಪ್ಪನ ಕಡೆ ನೋಡಿದೆ. ಆಕೆ ತನ್ನ ಮಗನ, ಅಂದರೆ ಹುಡುಗಿಯ ತಂದೆಯ, ಕಡೆ ತಿರುಗಿದಳು.

"ಅಪ್ಪನ ಮಾನ ಕಾಯಾಕ ಉಸುರು ಹಿಡಕೊಂಡು ನಿಂತಿದ್ದ ಈ ಹುಡುಗ. ಜ್ವಾಳ ಯಾರ ಮನ್ಯಾಗರ ಸಿಗತೈತಿ. ಹುಡುಗೀನ ಇವಗ ಕೊಡು."

ಮಗ ಎದುರಾಡಲಿಲ್ಲ. ಅವ್ವ ಅಲ್ಲೇ ಎಲ್ಲರ ಬಾಯಿಗೆ ಸಕ್ಕರೆ ಹಾಕಿದಳು. ನನ್ನ ಬಾಯಿಗೆ ಹಾಕಿದ್ದು ಮಾತ್ರ ಚಮಚದಿಂದ, ದೂರದಿಂದ.

ಅವರು ಬಸ್ಸು ಹತ್ತಿದ ಮೇಲೆ ಅಪ್ಪ ನನ್ನನ್ನು ಹಿತ್ತಲಿನ ಕಲ್ಲಿನ ಮೇಲೆ ಕೂಡಿಸಿದ. ಅರಿವೆಯ ತುಂಡನ್ನು ಚಿಮಣಿ ಎಣ್ಣೆಯಲ್ಲಿ ಅದ್ದಿ ಬೆನ್ನು ಉಜ್ಜತೊಡಗಿದ. ಚರ್ಮ ಸುಲಿಯುವಂತೆ ಉಜ್ಜಿದ. ಬಹಳ ಹೊತ್ತಿನ ಮೇಲೆ ಕೇಳಿದ.

"ನನ್ನ ಸಲುವಾಗಿ ಸುಮ್ನ ನಿಂತಿದ್ದೇನು?"

"ಹೂನಪಾ," ಎಂದೆ.

ಅವನ ಕೈ ನನ್ನ ಬೆನ್ನ ಮೇಲೆ ಸ್ವಲ್ಪ ಹೊತ್ತು ಹಾಗೇ ನಿಂತಿತು. ಆಮೇಲೆ ಮತ್ತೆ ಉಜ್ಜಿದ, ಮೆಲ್ಲಗೆ.