ಹಿಂದಿನ ಚಕ್ರದ ಒದ್ದೆ

ಸ್ವಲ್ಪದರಲ್ಲಿ ಬಚಾವಾದ್ವಿ ಕಣ್ರಪ್ಪ. ಇವತ್ತು ತೆರಕಣಾಂಬಿ ದಾಟಿದ ಮೇಲೆ ಮುಂದಿದ್ದ ಈರುಳ್ಳಿ ಲಾರಿ ಗಕ್ಕನೆ ನಿಂತಿತು. ನಾನು ಬ್ರೇಕ್ ಒತ್ತಿದರೆ ಪೆಡಲ್ ಮೆತ್ತಗೆ ತಳಕ್ಕೇ ಹೋಯಿತು. ಮತ್ತೆ ಮತ್ತೆ ತುಳಿದು ಹ್ಯಾಂಡ್‌ಬ್ರೇಕ್ ಎಳೆದೆ. ಕಾರು ನಿಂತಾಗ ಲಾರಿಗೆ ಒಂದು ಗೇಣು ಉಳಿದಿತ್ತು. ಪಕ್ಕದಲ್ಲಿದ್ದ ಅಪ್ಪ ಎರಡೂ ಕೈಯಲ್ಲಿ ಡ್ಯಾಶ್‌ಬೋರ್ಡ್ ಹಿಡಿದುಕೊಂಡಿದ್ದರು.

ಗುಂಡ್ಲುಪೇಟೆಯಿಂದ ಬಂದ ಮೆಕ್ಯಾನಿಕ್ ಬಾನೆಟ್ ಎತ್ತಿದ. "ಬ್ರೇಕ್ ಆಯಿಲೇ ಇಲ್ವಲ್ಲಣ್ಣ." ಆಮೇಲೆ ಹಿಂದಿನ ಚಕ್ರದ ಒಳಗೆ ಬೆರಳಾಡಿಸಿದ. "ಇಲ್ಲಿ ಸೋರ್ತಾ ಅದೆ. ಗಾಡಿ ನಿಲ್ಸೋ ಜಾಗ ಒದ್ದೆಯಾಗ್ತಿರ್ನಿಲ್ವಾ?"

ಆಗುತ್ತಿತ್ತು. ವಾರದಿಂದ ದಿನಾ ಬೆಳಗ್ಗೆ ಅದನ್ನ ನೋಡಿ ಅಪ್ಪ, "ಉಚ್ಚೆ ಉಯ್ಯಕ್ಕೆ ಇದ್ಕೆ ನಮ್ಮ ಕಾರೇ ಬೇಕಾ" ಅಂತ ಬೀದಿನಾಯಿಗೆ ಕಲ್ಲು ಬೀಸುತ್ತಿದ್ದರು. ನಾನು ಬಗ್ಗಿಯೂ ನೋಡದೆ ನೀರು ಸುರಿಯುತ್ತಿದ್ದೆ.

ಸಂಜೆ ಅಪ್ಪ ಆ ನಾಯಿಗೆ ಬನ್ನು ಎಸೆದರು. ಕಲ್ಲು ಅಂದುಕೊಂಡು ಓಡಿಹೋಯಿತು.