ಲಾಸ್‌ಲೆಸ್ ಹಾಡಿಗಾಗಿ ನಿಂತ ಕೂಲರ್

ಸ್ವಲ್ಪ ಕೇಳ್ರಪ್ಪ, ಘಾಜಿಯಾಬಾದಿನ ಈ ಸುಡು ಮಧ್ಯಾಹ್ನದಲ್ಲಿ ನನ್ನ ಗಂಡ ಕೂಲರ್ ನಿಲ್ಲಿಸಿದರು! ಹೊಸ ಸ್ಪೀಕರಿಗೆ ಒಂಚೂರೂ ಗುಣ ಕೆಡದ ಲಾಸ್‌ಲೆಸ್ ಹಾಡು ಬೇಕಂತೆ. ಎರಡು ಆ್ಯಪ್‌ಗಳಲ್ಲಿ ಯಾವುದು ಮೇಲು ಎಂದು ಪರೀಕ್ಷಿಸಲು ಕೂಲರಿನ ಸದ್ದು ಅಡ್ಡಿಯಂತೆ.

“ವೀಣೆ ತಂತಿ ಮೇಲೆ ಬೆರಳು ಜಾರೋದು ಯಾವುದ್ರಲ್ಲಿ ಚೆನ್ನಾಗಿ ಕೇಳ್ಸುತ್ತೆ, ಹೇಳೇ?”

“ನನ್ನ ಬೆನ್ನ ಮೇಲೆ ಬೆವರು ಜಾರೋದು ಎರಡರಲ್ಲೂ ಚೆನ್ನಾಗಿ ಗೊತ್ತಾಗ್ತಿದೆ!”

“ಶ್... ಇನ್ನೊಂದ್ಸಲ ಹಾಕ್ತೀನಿ.”

ಹೀಗೇ ಒಂದು ಗಂಟೆ. ಟ್ಯೂಷನ್‌ನಿಂದ ಬಂದ ಮಗಳು ಅವರ ಫೋನ್ ನೋಡಿ ನಕ್ಕಳು: “ಪಪ್ಪಾ, ಬ್ಲೂಟೂತ್ ಪೇ ಚಲಾ ರಹೇ ಹೋ? ಬ್ಲೂಟೂತಲ್ಲಿ ಹಾಕಿದ್ರೆ ಲಾಸ್‌ಲೆಸ್ ಬರೋದೇ ಇಲ್ಲ. ವೈರ್ ಹಾಕಿ!”

ಅಂದರೆ ನಾನು ಬೆಂದದ್ದೆಲ್ಲ ದಂಡ! ಗಂಡ ಈಗ ಮನೆಯೆಲ್ಲ ವೈರ್ ಹುಡುಕುತ್ತಿದ್ದಾರೆ. ನಾನು ಆ ವೈರಿನ ಮೇಲೆಯೇ ಕೂತು, ಕೂಲರ್ ಹಾಕಿಕೊಂಡು, ಇದನ್ನು ಬರೆಯುತ್ತಿದ್ದೇನೆ.