ಅನಂತಪದ್ಮನಾಭರ ನಾನೂರು ವಾಟ್

ಹೋದ ನವೆಂಬರಿನ ಒಂದು ಶನಿವಾರ ಸಂಜೆ ಏಳೂವರೆಗೆ, ಕದಿರೇನಹಳ್ಳಿಯ ನಮ್ಮ ರಸ್ತೆಯ ಆಂಜನೇಯಸ್ವಾಮಿ ಬಾಯಿ ಬಿಟ್ಟು ಮಾತನಾಡಿದ.

ಮಹಾಮಂಗಳಾರತಿ ಆಗಷ್ಟೇ ಮುಗಿದಿತ್ತು. ಗಂಟೆಯ ಸದ್ದು ನಿಂತು, ಅರ್ಚಕರು ಆರತಿ ತಟ್ಟೆ ಹಿಡಿದು ಗರ್ಭಗುಡಿಯಿಂದ ಹೊರಗೆ ಕಾಲಿಟ್ಟಿದ್ದರು. ಮೈಕಿನ ಹತ್ತಿರ ಯಾರೂ ಇರಲಿಲ್ಲ. ಆಗ ಗೋಪುರಕ್ಕೆ ಕಟ್ಟಿದ ಎರಡೂ ಹಾರ್ನ್‌ಗಳಿಂದ, ಮೂಗಿಗೆ ಹತ್ತಿ ತುರುಕಿಸಿಕೊಂಡ ಬಾತುಕೋಳಿ ಭಾಷಣಕ್ಕೆ ನಿಂತಂಥ ಒಂದು ದನಿ ಹೊರಟಿತು. ಅದು ಯಾವ ಭಾಷೆಯೂ ಅಲ್ಲ, ಆದರೆ ಏನನ್ನೋ ಎಣಿಸುತ್ತಿರುವ ಲಯ ಅದಕ್ಕಿತ್ತು. ಮುಂದೆ ನಿಂತಿದ್ದ ಹೆಂಗಸರು ಕೆನ್ನೆ ಬಡಿದುಕೊಂಡರು. ದೇವಸ್ಥಾನಕ್ಕೆ ಜಾಗ ಬಿಟ್ಟುಕೊಟ್ಟ ಚಿಕ್ಕಬೈರಪ್ಪನವರು ಎರಡೂ ಕೈಗಳನ್ನು ತಲೆಯ ಮೇಲೆತ್ತಿ ಮುಗಿದರು. ಮೈಕ್‌ಸೆಟ್ ನೋಡಿಕೊಳ್ಳುವ ಯಲ್ಲಪ್ಪ ಓಡಿಹೋಗಿ ಮೈಕಿನ ವೈರನ್ನೇ ಕಿತ್ತ. ದನಿ ನಿಲ್ಲಲಿಲ್ಲ. ಭಕ್ತಿ ಒಂದು ಮೆಟ್ಟಿಲು ಮೇಲೆ ಹೋಯಿತು.

ಅಷ್ಟರಲ್ಲಿ ದನಿ ಕೆಮ್ಮಿತು. ಎರಡು ಗಿಡ್ಡ ಕೆಮ್ಮು, ಒಂದು ಉದ್ದ. ಮಾತು ಎಷ್ಟೇ ಕಲಸಿಹೋದರೂ ಕೆಮ್ಮು ಕೆಮ್ಮಾಗಿಯೇ ಉಳಿಯುತ್ತದೆ, ಮತ್ತು ಈ ಕೆಮ್ಮು ಇಡೀ ರಸ್ತೆಗೆ ಗೊತ್ತಿದ್ದ ಕೆಮ್ಮು. ಚಿಕ್ಕಬೈರಪ್ಪನವರು ಮುಗಿದ ಕೈ ಇಳಿಸಿ, ಗುಡಿಯ ಹಿಂದಿರುವ ತಮ್ಮ ಬಾಡಿಗೆ ಕಟ್ಟಡದ ಎರಡನೇ ಮಹಡಿ ಕಡೆ ನೋಡಿದರು.

"ಲೇ ಯಲ್ಲಪ್ಪ, ಇದು ನಮ್ ಅನಂತಪದ್ಮನಾಭಯ್ಯ ಅಲ್ವೇನ್ಲಾ?"

ಹೌದು, ಅನಂತಪದ್ಮನಾಭಯ್ಯನವರೇ. ಆ ಕಟ್ಟಡದ ನೆಲಮಹಡಿಯಲ್ಲಿ ನಾನು ಬಾಡಿಗೆಗಿದ್ದೇನೆ, ಎರಡನೇ ಮಹಡಿಯಲ್ಲಿ ಅವರು. ನಾನು ಬಂದು ಒಂಬತ್ತು ವರ್ಷವಾಯಿತು, ಅವರು ಇಪ್ಪತ್ತೆರಡು ವರ್ಷದಿಂದ ಇದ್ದಾರೆ. ಸರ್ಕಾರದ ಪರೀಕ್ಷೆ ಬರೆದು ಲೈಸೆನ್ಸ್ ತೆಗೆದುಕೊಂಡ ಹವ್ಯಾಸಿ ರೇಡಿಯೋದವರು. ಇವರನ್ನು 'ಹ್ಯಾಮ್' ಎನ್ನುತ್ತಾರೆಂದು ಕೇಳಿದಾಗ, ಕಾನ್ವೆಂಟಿನಲ್ಲಿ ಓದಿದ ನನಗೆ ಸಿಸ್ಟರ್‌ಗಳ ಕ್ರಿಸ್‌ಮಸ್ ಊಟದ ಹಂದಿಮಾಂಸ ನೆನಪಾಗಿ, ಈ ಸಂಧ್ಯಾವಂದನೆಯ ಮನುಷ್ಯರಿಗೆ ಇದೆಂಥ ಹೆಸರು ಎನ್ನಿಸಿತ್ತು. ರೇಡಿಯೋದಿಂದ ಹೊರಡುವ ಸಣ್ಣ ಅಲೆಯನ್ನು ದೊಡ್ಡದು ಮಾಡಿ ತಾರಸಿಯ ಮೇಲಿನ ತಂತಿಗೆ ಕಳಿಸುವ ಪವರ್ ಆಂಪ್ಲಿಫೈಯರ್ ಕಟ್ಟುವುದು ಅವರ ಕೆಲಸ. ಅದಕ್ಕೆ ಕನ್ನಡದಲ್ಲಿ ಶಕ್ತಿವರ್ಧಕ ಎನ್ನಬಹುದು. ಆದರೆ ಆ ಹೆಸರು ಹೇಳಿದರೆ ಮೆಡಿಕಲ್ ಶಾಪಿನವರು ಬೇರೇನನ್ನೋ ಕಾಗದದಲ್ಲಿ ಸುತ್ತಿ ಕೊಡುತ್ತಾರೆ.

ಊರಾಚೆಯ ಒಂದು ಸರ್ಕಾರಿ ಕಾರ್ಖಾನೆಯ ಟೆಸ್ಟಿಂಗ್ ವಿಭಾಗದಲ್ಲಿ ಇಪ್ಪತ್ತಾರು ವರ್ಷ ದುಡಿದರು. ಕಾರ್ಖಾನೆ ಮುಚ್ಚುತ್ತದೆ, ವಿಆರ್‌ಎಸ್ ತೆಗೆದುಕೊಳ್ಳಿ ಎಂದಾಗ "ಆಗಲಿ" ಎಂದು ಸಹಿ ಹಾಕಿ, ಬಸ್ಸು ಹತ್ತಿ ಬಂದು, ಹುಳಿ ಅನ್ನ ಉಂಡು ಮಲಗಿದರಂತೆ. ಅವರ ಹೆಂಡತಿ ಸೀತಾಲಕ್ಷ್ಮಿಯವರಿಗೆ ಸುದ್ದಿ ತಿಳಿದದ್ದು ನಾಲ್ಕು ದಿನದ ಮೇಲೆ, ಪಕ್ಕದ ಮನೆಯವರಿಂದ.

ಅವರು ಆಂಪ್ಲಿಫೈಯರ್ ಕಟ್ಟುವುದನ್ನು ನಾನು ಎಷ್ಟೋ ಭಾನುವಾರ ಕೂತು ನೋಡಿದ್ದೇನೆ. ಎಸ್.ಪಿ. ರೋಡಿನ ಗುಜರಿಯಿಂದ ತಂದ ಮೈಕ್ರೋವೇವ್ ಓವನ್ನಿನ ಡಬ್ಬವೇ ಅದರ ಮೈ. ಒಳಗೆ ಹಳೇ ರೇಡಿಯೋಗಳಲ್ಲಿ ಉರಿಯುತ್ತಿದ್ದಂಥ, ಆದರೆ ಉಪ್ಪಿನಕಾಯಿ ಬಾಟಲಿಯಷ್ಟು ದಪ್ಪದ ರಷ್ಯಾದ ವಾಲ್ವ್. ತಾಮ್ರದ ಕಂಬಿಯ ಸುರುಳಿಯನ್ನು ಮನೆಯ ಲಟ್ಟಣಿಗೆಗೆ ಸುತ್ತಿ ಮಾಡಿದರು. ಅಳತೆ ಅಷ್ಟು ಸರಿಯಾಗಿ ಕೂತದ್ದರಿಂದ ಲಟ್ಟಣಿಗೆ ಅಡಿಗೆಮನೆಗೆ ವಾಪಸ್ ಹೋಗಲಿಲ್ಲ. ಸೀತಾಲಕ್ಷ್ಮಿಯವರು ಇವತ್ತಿಗೂ ಚಪಾತಿಯನ್ನು ಬಾಟಲಿಯಲ್ಲಿ ಲಟ್ಟಿಸುತ್ತಾರೆ.

ಒಳಗೆ ಹರಿಯುವುದು ಎರಡು ಸಾವಿರ ವೋಲ್ಟ್. ಹಾಗಾಗಿ ಈ ಕೆಲಸಕ್ಕೆ ಕೆಲವು ಮಡಿಗಳಿವೆ. ಬಲಗೈ ಒಳಗೆ ಹೋದಾಗ ಎಡಗೈ ಜೇಬಿನಲ್ಲಿರಬೇಕು. ಎರಡೂ ಕೈ ಒಳಗಿದ್ದರೆ ಕರೆಂಟು ಒಂದು ಕೈಯಿಂದ ಇನ್ನೊಂದಕ್ಕೆ ಎದೆಯ ಮೂಲಕ ಹಾಯುತ್ತದೆ. ಪಂಚೆಗೆ ಜೇಬಿಲ್ಲವೆಂದು, ಎಪ್ಪತ್ತನ್ನು ಮುಟ್ಟುತ್ತಿರುವ ಈ ಮನುಷ್ಯ ಮನೆಯಲ್ಲಿ ಖಾಕಿ ಚಡ್ಡಿ ತೊಡುತ್ತಾರೆ. ಇನ್ನೊಂದು ಮಡಿ ಕೋಲಿನದು. ಸ್ವಿಚ್ ಆರಿಸಿದ ಮೇಲೂ ಕೆಪಾಸಿಟರಿನಲ್ಲಿ ಕರೆಂಟು ಕೂತಿರುತ್ತದೆ. ಅರ್ಥ್ ವೈರಿಗೆ ಸೇರಿಸಿದ ತಾಮ್ರದ ಕೊಂಡಿಯನ್ನು ತುದಿಗೆ ಕಟ್ಟಿದ ಪಿವಿಸಿ ಪೈಪನ್ನು ಮುಟ್ಟಿಸಿ ಅದನ್ನು ನೆಲಕ್ಕೆ ಇಳಿಸದೆ ಒಳಗೆ ಕೈ ಇಡುವ ಹಾಗಿಲ್ಲ.

ತೊಂಬತ್ತೆಂಟರಲ್ಲಿ ಒಮ್ಮೆ ಕೆಲಸದ ನಡುವೆ ಫೋನ್ ಬಂತು. ಅವರ ಅಣ್ಣ ಹೋಗಿಬಿಟ್ಟರೆಂಬ ಸುದ್ದಿ. ಆಗಲಿ ಎಂದು ಫೋನಿಟ್ಟು, ವಾಪಸ್ ಬಂದು ಸ್ಟೂಲಿನ ಮೇಲೆ ಕೂತು, ಬಿಟ್ಟಿದ್ದ ಸ್ಕ್ರೂ ತಿರುಗಿಸಲು ಕೈ ಹಾಕಿದರು. ಕೋಲು ಮುಟ್ಟಿಸಿರಲಿಲ್ಲ. ಜೇಬಿನಲ್ಲಿದ್ದ ಎಡಗೈ ಅವರನ್ನು ಉಳಿಸಿತು. ಬಲಗೈಯ ಕೊನೆಯ ಎರಡು ಬೆರಳುಗಳಿಗೆ ಅಂದಿನಿಂದ ಬಿಸಿಯೂ ಗೊತ್ತಾಗುವುದಿಲ್ಲ, ತಣ್ಣಗಿರುವುದೂ ಗೊತ್ತಾಗುವುದಿಲ್ಲ.

"ಬೆರಳು ಮಾತ್ರ ಅಂತ ಡಾಕ್ಟ್ರು ಹೇಳಿದ್ದು. ನಾನು ಪೂರ್ತಿ ಮನುಷ್ಯನ್ನ ನೋಡಿದೀನಲ್ಲ, ನನಗೆ ಗೊತ್ತು" ಎನ್ನುತ್ತಾರೆ ಸೀತಾಲಕ್ಷ್ಮಿಯವರು.

ಶನಿವಾರದ ಪ್ರವಚನದ ಮಾರನೆಯ ಬೆಳಿಗ್ಗೆ ಚಿಕ್ಕಬೈರಪ್ಪನವರು ಬಂದು, ನಮ್ಮ ಮನೆಯೆದುರಿನ ಮೆಟ್ಟಿಲ ಬಳಿಯೇ ನಿಂತು ಮೇಲಕ್ಕೆ ಕೂಗಿದರು. ಈ ನೆಲದಲ್ಲಿ ಅವರಪ್ಪ ರಾಗಿ ಬೆಳೆಯುತ್ತಿದ್ದರು. ಹೊಲದಲ್ಲಿ ಕೂಗಿ ಅಭ್ಯಾಸವಾದ ಗಂಟಲು ಆ ವಂಶದ್ದು.

"ಸ್ವಾಮೇರೇ, ನಮ್ ಹನುಮಪ್ಪನ ಬಾಯಲ್ಲಿ ನಿಮ್ ಕೆಮ್ಮಾ?"

ಅನಂತಪದ್ಮನಾಭರು ಚಡ್ಡಿಯಲ್ಲೇ ಇಳಿದು ಬಂದರು. "ಇಪ್ಪತ್ತೆರಡು ವರ್ಷದಲ್ಲಿ ಹೀಗಾಗಿರ್ಲಿಲ್ಲ, ಬೈರಪ್ಪನೋರೇ."

"ಈಗಾಯ್ತಲ್ಲ? ನಾನ್ ಎರಡೂ ಕೈ ಎತ್ತಿ ಮುಗ್ದೆ ಸ್ವಾಮಿ, ನಿಮಗೆ! ಊರೋರೆಲ್ಲ ನಗ್ತಾವ್ರೆ. ನಮ್ ಹುಡುಗ್ರು ವಿಡಿಯೋ ಬೇರೆ ಮಾಡ್ಕೊಂಡವ್ರೆ. ನೋಡಿ, ಮುಂದಿನ ಶನಿವಾರದ ಗಂಟ ಟೈಮು. ಒಂದೋ ಆ ಮಿಷಿನ್ನು, ತಾರಸಿ ಮೇಲಿನ ತಂತಿ ಎಲ್ಲಾ ಹೋಗ್ಬೇಕು, ಇಲ್ಲಾಂದ್ರೆ ಮನೆ ಖಾಲಿ ಮಾಡ್ಬೇಕು. ಯಾವ್ದಾದ್ರೂ ಒಂದು."

"ಆಗಲಿ" ಎಂದರು ಅನಂತಪದ್ಮನಾಭರು.

"ಏನಾಗಲಿ? ಯಾವ್ದು ಆಗಲಿ?"

"ನೀವು ಹೇಳಿದ ಹಾಗೆ."

ಜಗಳಕ್ಕೆ ಸಿದ್ಧರಾಗಿ ಬಂದವರಿಗೆ ಎದುರಾಳಿ ಸಿಗಲಿಲ್ಲ. ಚಿಕ್ಕಬೈರಪ್ಪನವರು ನನ್ನನ್ನು ನೋಡಿದರು, ನಾನು ನನ್ನ ಚಪ್ಪಲಿ ನೋಡಿದೆ.

ಜಗಳ ಮೇಲಿನ ಮಹಡಿಯಲ್ಲಿ ಆಯಿತು, ಅದೂ ಏಕಪಕ್ಷೀಯವಾಗಿ. ಕಾಫಿಪುಡಿ ಕೊಡಲು ಹೋಗಿದ್ದ ನಾನು ಸಿಕ್ಕಿಬಿದ್ದೆ.

"ರೀ, ಇಪ್ಪತ್ತೆರಡು ವರ್ಷ ಈ ಮನೇಲಿ ಬಾಳಿದೀನಿ. ಬನಶಂಕರಿ ಬಸ್‌ಸ್ಟ್ಯಾಂಡಿಗೆ ನಡ್ಕೊಂಡು ಹೋಗ್ತೀನಿ, ಶುಕ್ರವಾರ ಅಮ್ಮನವರ ಗುಡಿಗೆ ನಡ್ಕೊಂಡು ಹೋಗ್ತೀನಿ. ಈ ಬಾಡಿಗೆಗೆ ಇನ್ನೆಲ್ಲಿ ಸಿಗುತ್ತೆ? ಈ ಮಂಡಿ ಇಟ್ಕೊಂಡು ಎಲ್ಲಿ ಅಂತ ಹುಡುಕ್ಲಿ?"

"ಮಿಷಿನ್ ತೆಗೆದುಬಿಡ್ತೀನಿ."

"ತೆಗೆದುಬಿಟ್ಟು?"

"ತೆಗೆದುಬಿಟ್ಟು ಏನು? ತೆಗೆದುಬಿಡ್ತೀನಿ."

"ಬೆಳಿಗ್ಗೆ ಎದ್ದು ಗೋಡೆ ನೋಡ್ಕೊಂಡು ಕೂತ್ಕೋತೀರಾ? ಅದೊಂದಿದೆ ಅಂತಲ್ಲವಾ ನೀವು ಹಾಸಿಗೆಯಿಂದ ಏಳೋದು! ಮನೇನೂ ಇರ್ಬೇಕು, ಅದೂ ಇರ್ಬೇಕು ಅಂತ ಒಂದು ಸಲ ಬಾಯಿ ಬಿಟ್ಟು ಹೇಳಿ ಅವರಿಗೆ." ಆಮೇಲೆ ನನ್ನ ಕಡೆ ತಿರುಗಿದರು. "ನೀವೇ ಹೇಳಿ, ಈ ಮನುಷ್ಯನಿಗೆ ಕೋಪ ಬರೋಕೆ ಎಷ್ಟು ವೋಲ್ಟ್ ಬೇಕು?"

ಅನಂತಪದ್ಮನಾಭರು ಆ ಪ್ರಶ್ನೆಯನ್ನು ಲೆಕ್ಕದ ಪ್ರಶ್ನೆಯೆಂದೇ ತಿಳಿದು ಮನಸ್ಸಿನಲ್ಲೇ ಗುಣಿಸಿ ಭಾಗಿಸತೊಡಗಿದರು.

ಬುಧವಾರ ಬಿಚ್ಚಲು ಶುರು ಮಾಡಿದರು. ತಾರಸಿಯ ತಂತಿ ಇಳಿಸಿ ಉಂಡೆ ಸುತ್ತಿದರು. ನಾನು ಏಣಿ ಹಿಡಿದುಕೊಂಡಿದ್ದೆ. ಆ ಮುಖದಲ್ಲಿ ಏನಾದರೂ ಕಾಣುತ್ತದೇನೋ ಎಂದು ನೋಡಿದೆ. ಬಟ್ಟೆ ಒಣಗಿದವೋ ಇಲ್ಲವೋ ಎಂದು ನೋಡುವವರ ಮುಖ. ಬಿಚ್ಚುವುದಕ್ಕೂ ಅವರಲ್ಲಿ ಒಂದು ಕ್ರಮವಿದೆ. ಕಟ್ಟುವಾಗ ಮೊದಲು ಅರ್ಥ್ ವೈರು, ಬಿಚ್ಚುವಾಗ ಕೊನೆಗೆ ಅರ್ಥ್ ವೈರು. ಅರ್ಥ್ ಇಲ್ಲದಿದ್ದರೆ ಅನರ್ಥ ಎಂದು ನಾನು ಅಂದೆ. ಅವರು "ಹೌದು" ಎಂದರು. ನನ್ನ ಜೋಕುಗಳಿಗೆ ಇಷ್ಟು ಗೌರವದ ಮರಣ ಬೇರೆಲ್ಲೂ ಸಿಕ್ಕಿಲ್ಲ.

ಅವರ ಅರ್ಥ್ ವೈರು ಎರಡನೇ ಮಹಡಿಯಿಂದ ಗೋಡೆಗುಂಟ ಇಳಿದು, ಹಿತ್ತಲಿನ ಒಣಗಿಹೋದ ಕೊಳವೆಬಾವಿಯವರೆಗೆ ಹೋಗುತ್ತದೆ. ಆರುನೂರು ಅಡಿ ಕೊರೆಸಿ ಚಿಕ್ಕಬೈರಪ್ಪನವರು ನೀರು ಕಂಡದ್ದು ಆರೇ ವರ್ಷ. ಆದರೆ ಭೂಮಿಗಿಳಿದ ಅದರ ಕಬ್ಬಿಣದ ಕೊಳವೆಯಂಥ ಅರ್ಥ್ ಬನಶಂಕರಿಯಲ್ಲೇ ಇಲ್ಲವೆಂದು, ಅನಂತಪದ್ಮನಾಭರು ಬಂದ ವರ್ಷವೇ ಯಾರಿಗೂ ಹೇಳದೆ ತಮ್ಮ ವೈರನ್ನು ಅದಕ್ಕೆ ಬಿಗಿದಿದ್ದರು. ಅದನ್ನು ಬಿಚ್ಚಲು ಕುಕ್ಕರಗಾಲಿನಲ್ಲಿ ಕೂತವರು ಹಾಗೇ ಕೂತುಬಿಟ್ಟರು. ಸ್ಪ್ಯಾನರು ಕೈಯಲ್ಲೇ ನಿಂತಿತು.

ಕೊಳವೆಗೆ ಇನ್ನೊಂದು ವೈರು ಬಿಗಿದಿತ್ತು. ಹೊಸದು, ಹಸಿರು ಬಣ್ಣದ್ದು. ಅದು ಕಾಂಪೌಂಡು ಹಾರಿ ಸೀದಾ ದೇವಸ್ಥಾನದೊಳಕ್ಕೆ ಹೋಗಿತ್ತು.

ಯಲ್ಲಪ್ಪನನ್ನು ಕರೆಸಿದೆವು. ಅವನು ತಲೆ ಕೆರೆದುಕೊಂಡ. "ಹೋದ ವಾರ ಹೊಸ ಸೆಟ್ ಹಾಕ್ದೆ ಸಾರ್, ಗುಂಯ್ ಅಂತಿತ್ತು. ಅರ್ಥ್ ಕೊಟ್ರೆ ನಿಲ್ಲುತ್ತೆ ಅಂದ್ರು. ಈ ಬೋರ್‌ವೆಲ್ ಪೈಪು ಸುಮ್ನೆ ನಿಂತಿತ್ತಲ್ಲ ಅಂತ ಕೊಟ್ಟೆ. ಯಾರಿಗೂ ಹೇಳಿಲ್ಲ."

"ನಾನೂ ಹೇಳಿಲ್ಲ" ಎಂದರು ಅನಂತಪದ್ಮನಾಭರು.

ಹೀಗೆ ಇಬ್ಬರು ಕಸುಬುದಾರರು ಒಬ್ಬರಿಗೊಬ್ಬರು ಗೊತ್ತಿಲ್ಲದೆ ಒಂದೇ ಬತ್ತಿದ ಬಾವಿಗೆ ಗಂಟು ಬಿದ್ದಿದ್ದರು. ಎರಡನೇ ಮಹಡಿಯ ನಾನೂರು ವಾಟ್ ತಾರಸಿಯಿಂದ ಆಕಾಶಕ್ಕೆ ಹೋಗುವ ಜೊತೆಗೆ, ಹಿತ್ತಲಿನಿಂದ ಹಸಿರು ವೈರು ಹಿಡಿದು ಹನುಮಪ್ಪನ ಹಾರ್ನಿಗೂ ಹೋಗಿತ್ತು.

ಅಂದಿನಿಂದ ಎರಡು ದಿನ ಅನಂತಪದ್ಮನಾಭರು ಮಾಡಿದಷ್ಟು ಕೆಲಸವನ್ನು ನಾನು ಒಂಬತ್ತು ವರ್ಷದಲ್ಲಿ ನೋಡಿರಲಿಲ್ಲ. ದೇವಸ್ಥಾನದ ಮೂಲೆಯಲ್ಲಿ ಗುಂಡಿ ತೋಡಿಸಿ, ತಾಮ್ರದ ಪಟ್ಟಿ ಇಳಿಸಿ, ಉಪ್ಪು ಇದ್ದಿಲು ತುಂಬಿಸಿ, ಮೈಕ್‌ಸೆಟ್ಟಿಗೆ ಬೇರೆಯೇ ಅರ್ಥ್ ಕೊಟ್ಟರು. ಹಾರ್ನಿನ ವೈರನ್ನು, ರೇಡಿಯೋ ಅಲೆ ಒಳಗೆ ನುಗ್ಗದಂತೆ ತಡೆಯುವ, ಕಪ್ಪು ಬಳೆಯಂಥ ಫೆರೈಟ್ ರಿಂಗುಗಳಲ್ಲಿ ಹತ್ತು ಹತ್ತು ಸುತ್ತು ಸುತ್ತಿದರು. ತಾರಸಿಯ ತಂತಿ ಮತ್ತೆ ಮೇಲೇರಿತು. ಯಲ್ಲಪ್ಪ ಪಕ್ಕದಲ್ಲಿ ಕೂತು "ಸಖತ್ ಸಾರ್, ಸಖತ್" ಎನ್ನುತ್ತಿದ್ದ. ಸೀತಾಲಕ್ಷ್ಮಿಯವರು ಬಕೆಟ್ಟಿನಲ್ಲಿ ನೀರು ತಂದು ತಂದು ಗುಂಡಿಗೆ ಸುರಿದರು. ಮಂಡಿ ನೋವಿನ ಮಾತೇ ಎತ್ತಲಿಲ್ಲ.

ಶುಕ್ರವಾರ ಮಧ್ಯಾಹ್ನ, ಗುಡಿಯಲ್ಲಿ ಯಾರೂ ಇಲ್ಲದ ಹೊತ್ತಿನಲ್ಲಿ ಪರೀಕ್ಷೆ. ಚಿಕ್ಕಬೈರಪ್ಪನವರು ಹಾರ್ನಿನ ಕೆಳಗೆ ಸೊಂಟದ ಮೇಲೆ ಕೈಯಿಟ್ಟು ನಿಂತರು. "ಒಂದು ಕೆಮ್ಮು ಕೇಳಿಸ್ಲಿ, ನಾಳೇನೇ ಟು ಲೆಟ್ ಬೋರ್ಡು" ಎಂದು ಮೊದಲೇ ಹೇಳಿದ್ದರು. ಯಲ್ಲಪ್ಪ ವಾಲ್ಯೂಮನ್ನು ತುದಿಗೆ ತಿರುಗಿಸಿದ. ನಾನು ಫೋನಿನಲ್ಲಿ "ಹೂಂ" ಎಂದೆ. ಮೇಲೆ ಅನಂತಪದ್ಮನಾಭರು ಎಡಗೈ ಜೇಬಿಗಿಟ್ಟು ಎಣಿಸಿದರು. ಒಂದು ನಿಮಿಷ, ಎರಡು ನಿಮಿಷ. ಹಾರ್ನಿನ ಬಾಯಲ್ಲಿ ಕೂತಿದ್ದ ಪಾರಿವಾಳ ಕೂತೇ ಇತ್ತು. ಸೀತಾಲಕ್ಷ್ಮಿಯವರು ಹಿತ್ತಲ ಬಾಗಿಲಲ್ಲಿ ನಿಂತು ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿದ್ದರು.

"ಆಯ್ತು ಬಿಡಿ, ಇರ್ಲಿ" ಎಂದರು ಚಿಕ್ಕಬೈರಪ್ಪನವರು. "ಮಿಷಿನ್ನೂ ಇರ್ಲಿ, ನೀವೂ ಇರಿ."

ಆಮೇಲೆ, ಇಷ್ಟು ವರ್ಷದಲ್ಲಿ ಮೊದಲ ಸಲ, ಆ ಯಂತ್ರ ನೋಡಬೇಕೆಂದು ಎರಡು ಮಹಡಿ ಹತ್ತಿದರು. ಸೀತಾಲಕ್ಷ್ಮಿಯವರು ದೊಡ್ಡ ಲೋಟದಲ್ಲಿ ಕಾಫಿ ಕೊಟ್ಟರು. ಕೆಂಪಗೆ ಉರಿಯುತ್ತಿದ್ದ ವಾಲ್ವನ್ನು ಚಿಕ್ಕಬೈರಪ್ಪನವರು ಬಗ್ಗಿ ನೋಡಿದರು. ಮುಖದಲ್ಲಿ ಒಂಥರಾ ಮಾಲೀಕನ ಹೆಮ್ಮೆ ಬಂತು. ಎಷ್ಟಾದರೂ ಅವರ ಕಟ್ಟಡದಲ್ಲಿರುವ ವಸ್ತು.

"ಸ್ವಾಮೇರೇ, ಇದ್ರಲ್ಲಿ ಮಾತಾಡಿದ್ರೆ ಎಲ್ಲೀಗಂಟ ಹೋಗುತ್ತೆ?"

"ಬ್ರೆಜಿಲ್‌ಗೆ ಹೋಗುತ್ತೆ. ಜಪಾನ್‌ಗೂ ಹೋಗುತ್ತೆ."

"ಅಬ್ಬಾ! ನಮ್ ಕದಿರೇನಹಳ್ಳಿಯಿಂದ? ಅವ್ರು ವಾಪಸ್ ಏನ್ ಹೇಳ್ತಾರೆ ನಿಮಗೆ?"

ಅನಂತಪದ್ಮನಾಭರು ಯಂತ್ರ ಆರಿಸಿ, ಅದು ತಣ್ಣಗಾಗಲೆಂದು ಫ್ಯಾನು ಮಾತ್ರ ಬಿಟ್ಟರು.

"ಅದು ಕೇಳಿಸಲ್ಲ, ಬೈರಪ್ಪನೋರೇ. ಐದು ವರ್ಷ ಆಯ್ತು. ಸುತ್ತಮುತ್ತ ಎಲ್ಲರ ಮನೇದೂ ಎಲ್‌ಇಡಿ ಬಲ್ಬು, ಚಾರ್ಜರು, ಯುಪಿಎಸ್ಸು ಸೇರ್ಕೊಂಡು ನನ್ನ ರೇಡಿಯೋದಲ್ಲಿ ಬರೀ ಕೊರ್ ಅನ್ನುತ್ತೆ. ನನ್ನದು ಅವರಿಗೆ ಕೇಳುತ್ತೆ. ಕೇಳಿಸ್ತು ಅಂತ ವಾಟ್ಸಾಪ್ ಮಾಡ್ತಾರೆ."